4ಕೆ ಸಾಕೋ, 8ಕೆ ಬೇಕೋ: ಟೇಪು ಹಿಡಿದು ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಹೊಸ ಟಿವಿ ಗೋಡೆಗೇರಿದ ಮೊದಲ ವಾರದಲ್ಲೇ ಕೇಳಿಬರುವ ದೂರು ಒಂದೇ: "4ಕೆ ಅಂತ ತಂದ್ವಿ, ಹಳೇ ಟಿವಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣ್ತಿಲ್ಲ." ಟಿವಿಯಲ್ಲೇ ದೋಷವಿರುವುದು ಅಪರೂಪ. ತಪ್ಪುವುದು ಆರಿಸುವ ಕ್ರಮ. ಮೊದಲು ರೆಸಲ್ಯೂಷನ್ (ಪರದೆಯಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದನ್ನು) ನೋಡುತ್ತಾರೆ, ಆಮೇಲೆ ಸೈಜು ಹೊಂದಿಸುತ್ತಾರೆ, ಎಲ್ಲಿ ಕೂತು ನೋಡುತ್ತೇವೆ ಎಂಬುದನ್ನು ಕೊನೆಯವರೆಗೂ ಅಳೆಯುವುದೇ ಇಲ್ಲ. ಇದನ್ನು ತಿರುಗಿಸಿ ಹಾಕಿ. ಕೂರುವ ಜಾಗ ಮೊದಲು, ಪರದೆಯ ಸೈಜು ಆಮೇಲೆ, ಏನನ್ನು ನೋಡುತ್ತೀರಿ ಎಂಬುದು ಅದರ ನಂತರ. ಎಷ್ಟು ರೆಸಲ್ಯೂಷನ್ ಬೇಕೆಂಬುದು ಈ ಮೂರರಿಂದ ತಾನಾಗಿಯೇ ಹೊರಬೀಳುತ್ತದೆ.

ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು ಇಷ್ಟೇ. ಫುಲ್ ಎಚ್‌ಡಿ ಎಂದರೆ 1920×1080, ಸುಮಾರು 20.7 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕೆ). 4ಕೆ ಎಂದರೆ 3840×2160, ಸುಮಾರು 83 ಲಕ್ಷ. 8ಕೆ ಎಂದರೆ 7680×4320, ಸುಮಾರು 3.32 ಕೋಟಿ. ಒಂದೊಂದು ಮೆಟ್ಟಿಲಿಗೂ ಪಿಕ್ಸೆಲ್ ನಾಲ್ಕು ಪಟ್ಟಾಗುತ್ತದೆ. ಆದರೆ ಒಂದು ಗೆರೆಯ ಉದ್ದಕ್ಕೆ ಎಣಿಸಿದರೆ ಸೂಕ್ಷ್ಮತೆ ಹೆಚ್ಚುವುದು ಎರಡೇ ಪಟ್ಟು. ಕಣ್ಣಿಗೆ ಸಿಗುವುದು ಈ ಎರಡು ಪಟ್ಟು. ಜಾಹೀರಾತಿನಲ್ಲಿ ಕಾಣುವುದು ಆ ನಾಲ್ಕು ಪಟ್ಟು.

ಬೇಕಾಗುವ ಸಾಮಾನು

ಅಳತೆ ಟೇಪು, ನೆಲಕ್ಕೆ ಗುರುತು ಹಾಕಲು ಒಂದಿಷ್ಟು ಅಂಟುಪಟ್ಟಿ, ಎಚ್‌ಡಿಎಂಐ ಪೋರ್ಟ್ ಇರುವ ಲ್ಯಾಪ್‌ಟಾಪ್, ಒಂದು ಎಚ್‌ಡಿಎಂಐ ಕೇಬಲ್, ಚಿತ್ರ ಬರೆಯುವ ಯಾವುದಾದರೂ ಸಾಮಾನ್ಯ ಸಾಫ್ಟ್‌ವೇರ್. ದೂರದ್ದು ನೋಡಲು ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಪರೀಕ್ಷೆಗೆ ನಿಲ್ಲಬೇಕು.

ಹಂತ 1: ಕಣ್ಣಿನಿಂದ ಪರದೆಗೆ ಅಳೆಯಿರಿ

ಸೋಫಾದ ಅಂಚಿನಿಂದ ಅಳೆಯಬೇಡಿ. ಒರಗಿ ಕೂತು, ಕಣ್ಣಿನ ನೇರದಿಂದ ಪರದೆಯ ಮುಖದವರೆಗೆ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಗೋಡೆಯವರೆಗೆ ಅಳೆದರೂ ತಪ್ಪು. ಸ್ಟ್ಯಾಂಡ್ ಮೇಲಿನ ಟಿವಿ ಗೋಡೆಯಿಂದ 20-30 ಸೆಂ.ಮೀ. ಮುಂದೆ ಇರುತ್ತದೆ. ಮನೆಯವರು ಬೇರೆ ಬೇರೆ ಕಡೆ ಕೂರುವುದಾದರೆ ಎಲ್ಲರಿಗಿಂತ ಹತ್ತಿರ ಕೂರುವವರ ಅಳತೆ ಮತ್ತು ಹೆಚ್ಚು ಹೊತ್ತು ನೋಡುವವರ ಅಳತೆ, ಎರಡನ್ನೂ ಬರೆದಿಟ್ಟುಕೊಳ್ಳಿ.

ಹಂತ 2: ದೂರವನ್ನು ಇಂಚಿನಿಂದ ಭಾಗಿಸಿ

ಸೆಂಟಿಮೀಟರ್‌ನಲ್ಲಿರುವ ದೂರವನ್ನು ಟಿವಿಯ ಇಂಚಿನಿಂದ ಭಾಗಿಸಿ. ಇಲ್ಲಿ ಇಂಚು ಎಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಇರುವ ಕರ್ಣದ ಅಳತೆ. ಬಂದ ಸಂಖ್ಯೆಯನ್ನು ಹೀಗೆ ಓದಿ:

- 6ಕ್ಕಿಂತ ಹೆಚ್ಚು: 1280×720ರ ಸಾಧಾರಣ ಎಚ್‌ಡಿಯಲ್ಲೇ ಕಣ್ಣಿನ ಶಕ್ತಿ ಮುಗಿಯುತ್ತದೆ.
- 4ರಿಂದ 6: ಫುಲ್ ಎಚ್‌ಡಿ ಸಾಕು. 4ಕೆ ಪಿಕ್ಸೆಲ್‌ಗಳು ಇದ್ದರೂ ಕಾಣುವುದಿಲ್ಲ.
- 2ರಿಂದ 4: 4ಕೆಗೆ ಅರ್ಥವಿದೆ. 4ರ ಹತ್ತಿರ ಅಲ್ಪ, 2ರ ಹತ್ತಿರ ಪೂರ್ತಿ.
- 2ಕ್ಕಿಂತ ಕಡಿಮೆ: ಇಲ್ಲಿಂದ 8ಕೆಯ ಲಾಭ ಶುರು. ಪೂರ್ತಿ ಸಿಗಬೇಕಾದರೆ 1ಕ್ಕೆ ಇಳಿಯಬೇಕು.

ಈ ಲೆಕ್ಕದ ಹಿಂದಿರುವುದು ಕಣ್ಣಿನ ಪರೀಕ್ಷೆಯಲ್ಲಿ ಬಳಸುವ ಅಳತೆಯೇ. ಸಹಜ ದೃಷ್ಟಿ ಎಂದು ವೈದ್ಯರು ಕರೆಯುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ವಿವರವನ್ನು ಬಿಡಿಸಿ ನೋಡಬಲ್ಲದು. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂ.ಮೀ. ಅದರಲ್ಲಿ ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ 0.63 ಮಿ.ಮೀ., 4ಕೆಯದು 0.32 ಮಿ.ಮೀ., 8ಕೆಯದು 0.16 ಮಿ.ಮೀ. ಆ ಕೋನಕ್ಕೆ ಸರಿಹೊಂದುವ ದೂರ ಕ್ರಮವಾಗಿ 2.2 ಮೀಟರ್, 1.1 ಮೀಟರ್, 55 ಸೆಂ.ಮೀ. ಅದಕ್ಕಿಂತ ಹಿಂದೆ ಸರಿದರೆ ಅಕ್ಕಪಕ್ಕದ ಪಿಕ್ಸೆಲ್‌ಗಳು ಕಣ್ಣಿನಲ್ಲಿ ಬೆರೆತುಹೋಗುತ್ತವೆ.

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಕೂರುವ ದೂರ 270 ಸೆಂ.ಮೀ. 55 ಇಂಚಿಗೆ 4.9 ಬರುತ್ತದೆ, ಫುಲ್ ಎಚ್‌ಡಿ ಸಾಕು. ಅದೇ ಜಾಗದಲ್ಲಿ 75 ಇಂಚಿಟ್ಟರೆ 3.6, 4ಕೆ ಸ್ವಲ್ಪ ಕಾಣತೊಡಗುತ್ತದೆ. 85 ಇಂಚಿಗೆ 3.2. ಇನ್ನು 8ಕೆ ಲಾಭ ಶುರುವಾಗಬೇಕೆಂದರೆ ಪರದೆ 135 ಇಂಚು ದಾಟಬೇಕು. ಮನೆಯ ಟಿವಿಯ ಮಟ್ಟಿಗೆ ಈ ಒಂದು ಭಾಗಾಕಾರವೇ ಹೆಚ್ಚಿನವರ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತದೆ.

ಎರಡು ತಿದ್ದುಪಡಿ ಬೇಕು. ಸಹಜಕ್ಕಿಂತ ಚುರುಕಾದ ಕಣ್ಣು ಅನೇಕರಿಗೆ, ಮುಖ್ಯವಾಗಿ ಚಿಕ್ಕ ವಯಸ್ಸಿನವರಿಗೆ ಇರುತ್ತದೆ. ಅಂಥವರಿಗೆ ಮೇಲಿನ ಗಡಿಗಳಿಗೆ ಮೂರರಲ್ಲೊಂದು ಪಾಲು ಕೂಡಿಸಿ. 4 ಇದ್ದದ್ದು 5.3 ಆಗುತ್ತದೆ, 2 ಇದ್ದದ್ದು 2.7. ಎರಡನೆಯದಾಗಿ, ಟಿವಿಯನ್ನು ಕಂಪ್ಯೂಟರ್ ಪರದೆಯಾಗಿ ಬಳಸುವವರಿಗೆ ಅಕ್ಷರದ ಓರೆ ಅಂಚುಗಳಲ್ಲಿ ಮೆಟ್ಟಿಲು ಈ ಗಡಿಗಿಂತ ದೂರದಿಂದಲೂ ಕಾಣಬಹುದು. ಅಂಚು ಕೊಂಚ ತಪ್ಪಿದ್ದನ್ನು ಗುರುತಿಸುವಲ್ಲಿ ಕಣ್ಣು ಇನ್ನೂ ಸೂಕ್ಷ್ಮ.

ಹತ್ತಿರ ಕೂತರೆ ಆಯಿತಲ್ಲ ಎನ್ನುವವರು ಕೋನವನ್ನೂ ಗಮನಿಸಿ. ಭಾಗಾಕಾರ 4 ಬಂದಾಗ ಪರದೆ ಕಣ್ಣಿಗೆ ಸುಮಾರು 31 ಡಿಗ್ರಿ ಅಗಲ ಕಾಣುತ್ತದೆ, 3 ಬಂದಾಗ 40 ಡಿಗ್ರಿ. ಸಿನಿಮಾ ನೋಡಲು ಈ ಎರಡರ ನಡುವಿನ ಜಾಗ ಹಿತ. 2ಕ್ಕೆ ಇಳಿದರೆ 58 ಡಿಗ್ರಿ, 1ಕ್ಕೆ ಇಳಿದರೆ 95 ದಾಟುತ್ತದೆ. ಅಲ್ಲಿ ಒಂದು ಬದಿಯ ಮುಖ ನೋಡಿ ಇನ್ನೊಂದು ಬದಿಗೆ ಹೊರಳಲು ಕತ್ತನ್ನೇ ತಿರುಗಿಸಬೇಕು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 8ಕೆಯನ್ನು ರೂಪಿಸಿದ್ದೇ ನೋಡುವವರ ಸುತ್ತ ಸುಮಾರು 100 ಡಿಗ್ರಿ ಆವರಿಸುವ ಪರದೆಗಾಗಿ, ಪರದೆಯ ಎತ್ತರದ ಮುಕ್ಕಾಲು ಪಾಲು ದೂರದಿಂದ ನೋಡಲಿಕ್ಕಾಗಿ. ಮನೆಯಲ್ಲಿ ಹಾಗೆ ಕೂತು ಯಾರೂ ವಾರ್ತೆ ನೋಡುವುದಿಲ್ಲ.

ಹಂತ 3: ಗೆರೆ ಪರೀಕ್ಷೆ

ಲೆಕ್ಕವನ್ನು ನಂಬದವರಿಗೆ, ನಂಬುವವರಿಗೂ, ಈ ಪರೀಕ್ಷೆ ಮುಖ್ಯ. ಈಗ ಮನೆಯಲ್ಲಿರುವ ಟಿವಿಯಲ್ಲೇ ಮಾಡಬಹುದು, ಅರ್ಧ ಗಂಟೆಯ ಕೆಲಸ. ಮುಂದೆ ಕೊಳ್ಳಲಿರುವ ಟಿವಿಯ ಪಿಕ್ಸೆಲ್ ನಿಮ್ಮ ಕಣ್ಣಿಗೆ ಸಿಗುತ್ತದೋ ಇಲ್ಲವೋ ಎಂಬುದು ಕೊಳ್ಳುವ ಮೊದಲೇ ತಿಳಿಯುತ್ತದೆ.

ಮೊದಲು ಚಿತ್ರ ತಯಾರಿಸಿ. ಚಿತ್ರದ ಅಳತೆ ನಿಮ್ಮ ಟಿವಿಯ ಪಿಕ್ಸೆಲ್ ಸಂಖ್ಯೆಯಷ್ಟೇ ಇರಬೇಕು: ಫುಲ್ ಎಚ್‌ಡಿ ಟಿವಿಗೆ 1920×1080, 4ಕೆಗೆ 3840×2160. ಎಡ ಅರ್ಧದಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ, ಹೀಗೆ ನಿಂತ ಗೆರೆಗಳು. ಬಲ ಅರ್ಧದಲ್ಲಿ ಎರಡು ಪಿಕ್ಸೆಲ್ ಕಪ್ಪು, ಎರಡು ಪಿಕ್ಸೆಲ್ ಬಿಳಿ. ಒಂದು ಚಿಕ್ಕ ತುಂಡು ಬರೆದು ನಕಲು ಅಂಟಿಸುತ್ತ ಹೋದರೆ ಬೇಗ ಮುಗಿಯುತ್ತದೆ. ಪಿಎನ್‌ಜಿ ಮಾದರಿಯಲ್ಲೇ ಉಳಿಸಿ. ಜೆಪಿಇಜಿ ಆದರೆ ಗೆರೆಗಳು ಕಲಸಿಹೋಗುತ್ತವೆ.

ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಿವಿಯ ಪೂರ್ಣ ರೆಸಲ್ಯೂಷನ್ ಆರಿಸಿ, ಸ್ಕೇಲಿಂಗ್ 100 ಶೇಕಡಕ್ಕೆ ಇಟ್ಟು, ಚಿತ್ರವನ್ನು 100 ಶೇಕಡ ಝೂಮ್‌ನಲ್ಲಿ ಪರದೆ ತುಂಬ ತೆರೆಯಿರಿ. ಹಳೆಯ ಲ್ಯಾಪ್‌ಟಾಪ್ 4ಕೆಗೆ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ಮಾತ್ರ ಕೊಟ್ಟರೂ ಅಡ್ಡಿಯಿಲ್ಲ, ಇದು ಅಲುಗದ ಚಿತ್ರ. ಪೆನ್‌ಡ್ರೈವ್‌ನಲ್ಲಿ ಹಾಕಿ ಟಿವಿಯ ಫೋಟೊ ಆ್ಯಪ್‌ನಲ್ಲಿ ತೆರೆಯುವುದು ಸಾಮಾನ್ಯ ತಪ್ಪು. ಎಷ್ಟೋ 4ಕೆ ಟಿವಿಗಳಲ್ಲಿ ಆ ಆ್ಯಪ್ ಫುಲ್ ಎಚ್‌ಡಿಯಲ್ಲೇ ಚಿತ್ರ ಬಿಡಿಸಿ ಹಿಗ್ಗಿಸುತ್ತದೆ, ಪರೀಕ್ಷೆ ಕೆಡುತ್ತದೆ.

ಈಗ ಪರದೆಗೆ ಒಂದು ಗೇಣು ದೂರದಲ್ಲಿ ನಿಂತು ನೋಡಿ. ಎಡಭಾಗದ ಗೆರೆಗಳು ಮೇಲಿಂದ ಕೆಳಗೆ, ಅಂಚಿನಿಂದ ಅಂಚಿಗೆ ಒಂದೇ ಸಮನಾಗಿ, ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ಕಾಣಬೇಕು. ಅಲ್ಲಲ್ಲಿ ಅಗಲವಾದ ಮಸುಕು ಪಟ್ಟೆಗಳು, ಅಲೆಯಂಥ ನೆರಳು ಕಂಡರೆ ಟಿವಿ ಚಿತ್ರವನ್ನು ಹಿಗ್ಗಿಸುತ್ತಿದೆ ಎಂದರ್ಥ. ಮೊದಲು ಹಂತ 7ರಲ್ಲಿ ಹೇಳಿರುವ ಓವರ್‌ಸ್ಕ್ಯಾನ್ ಸರಿಪಡಿಸಿ ಬನ್ನಿ.

ಗೆರೆ ಶುದ್ಧವಾಗಿದ್ದರೆ ನಿಧಾನ ಹಿಂದಕ್ಕೆ ನಡೆಯಿರಿ. ಒಂದು ಜಾಗದಲ್ಲಿ ಎಡ ಅರ್ಧ ಕಂಪಿಸಿದಂತಾಗಿ, ಮುಂದಿನ ಹೆಜ್ಜೆಗೆ ಬರೀ ಬೂದು ಬಣ್ಣದ ಹಾಳೆಯಾಗುತ್ತದೆ. ಅಲ್ಲಿ ನೆಲಕ್ಕೆ ಅಂಟುಪಟ್ಟಿ ಹಚ್ಚಿ. ಇನ್ನೂ ಹಿಂದೆ ಹೋದರೆ ಬಲ ಅರ್ಧವೂ ಬೂದಾಗುತ್ತದೆ. ಅಲ್ಲಿ ಇನ್ನೊಂದು. ಮನೆಯ ಎಲ್ಲರಿಂದ ಒಬ್ಬೊಬ್ಬರಾಗಿ ಮಾಡಿಸಿ; ಗುರುತುಗಳು ಒಂದೇ ಕಡೆ ಬೀಳುವುದು ಕಡಿಮೆ.

ಫಲಿತಾಂಶ ಓದುವುದು ಹೀಗೆ. ಇರುವುದು ಫುಲ್ ಎಚ್‌ಡಿ ಟಿವಿ, ನಿಮ್ಮ ಆಸನದಿಂದ ಎಡಭಾಗ ಬೂದು: ಅದೇ ಸೈಜಿನ 4ಕೆ ತಂದರೆ ಹೊಸ ವಿವರ ಒಂದೂ ಕಾಣುವುದಿಲ್ಲ. ಗೆರೆ ಇನ್ನೂ ಕಾಣುತ್ತಿದೆ: 4ಕೆ ತರಲು ಕಾರಣವಿದೆ. ಇರುವುದು 4ಕೆ ಟಿವಿ, ಆಸನದಿಂದ ಎಡಭಾಗ ಬೂದು: ಅದೇ ಸೈಜಿನ 8ಕೆ ವ್ಯರ್ಥ. ಬಲಭಾಗವೂ ಬೂದು: ಈಗಿರುವ 4ಕೆಯ ಲಾಭವೇ ನಿಮಗೆ ಸಿಗುತ್ತಿಲ್ಲ, ಆಸನ ಮುಂದೆ ತನ್ನಿ ಅಥವಾ ಮುಂದಿನ ಬಾರಿ ದೊಡ್ಡ ಪರದೆ ನೋಡಿ.

ಒಂದು ಮಾತು ನೆನಪಿರಲಿ. ಅಚ್ಚ ಕಪ್ಪು-ಬಿಳಿ ಗೆರೆ ಕಣ್ಣಿಗೆ ಅತ್ಯಂತ ಸುಲಭದ ವಿವರ. ಸಿನಿಮಾದಲ್ಲಿ ಬಟ್ಟೆಯ ನೇಯ್ಗೆ, ದೂರದ ಎಲೆ, ಚರ್ಮದ ಗೆರೆ ಇವೆಲ್ಲ ಇಷ್ಟು ಗಾಢವಾಗಿರುವುದಿಲ್ಲ. ಆದ್ದರಿಂದ ಈ ಪರೀಕ್ಷೆ ಕೊಡುವ ಗುರುತು ಉದಾರವಾದದ್ದು. ಇದರಲ್ಲೇ ಕಾಣದ್ದು ಸಿನಿಮಾದಲ್ಲಿ ಕಾಣುವುದಿಲ್ಲ.

ಹಂತ 4: ಟಿವಿಗೆ ಬರುವ ಚಿತ್ರ ಎಷ್ಟರದ್ದು ಎಂದು ಪಟ್ಟಿ ಮಾಡಿ

ಒಂದು ವಾರ ಮನೆಯಲ್ಲಿ ಏನೇನು ನೋಡುತ್ತೀರಿ, ಯಾವುದು ಎಷ್ಟು ಗಂಟೆ ಎಂದು ಬರೆಯಿರಿ. ಪ್ರತಿಯೊಂದನ್ನೂ ಓಡಿಸುವಾಗ ರಿಮೋಟ್‌ನ ಇನ್ಫೊ ಗುಂಡಿ ಒತ್ತಿ, ಒಳಬರುತ್ತಿರುವ ರೆಸಲ್ಯೂಷನ್ ನೋಡಿ. ಯೂಟ್ಯೂಬ್‌ನಲ್ಲಾದರೆ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆನ್ ಮಾಡಿದರೆ ನಿಜವಾಗಿ ಓಡುತ್ತಿರುವ ರೆಸಲ್ಯೂಷನ್ ತಿಳಿಯುತ್ತದೆ. ಸೆಟ್-ಟಾಪ್ ಬಾಕ್ಸ್ ಮಾತ್ರ ಮೋಸ ಮಾಡಬಹುದು: ಅದು ತಾನೇ ಹಿಗ್ಗಿಸಿ ಕಳಿಸಿದರೆ ಎಸ್‌ಡಿ (ಎಚ್‌ಡಿಗಿಂತ ಕೆಳಗಿನ ಹಳೆಯ ಮಟ್ಟದ) ಚಾನೆಲ್ ಕೂಡ ಇನ್ಫೊದಲ್ಲಿ 4ಕೆ ಎಂದೇ ಕಾಣುತ್ತದೆ.

720×576ರ ಎಸ್‌ಡಿ ಚಾನೆಲ್‌ನಲ್ಲಿ 4,14,720 ಪಿಕ್ಸೆಲ್ ಇವೆ. ಅದನ್ನು 4ಕೆ ಪರದೆಗೆ ಹರಡಿದರೆ 20 ಪಿಕ್ಸೆಲ್‌ಗೆ 1 ಮಾತ್ರ ನಿಜವಾದದ್ದು, 19 ಟಿವಿಯ ಊಹೆ. 8ಕೆ ಪರದೆಯಲ್ಲಾದರೆ 80ಕ್ಕೆ 1 ನಿಜ, 79 ಊಹೆ. ಫುಲ್ ಎಚ್‌ಡಿಯನ್ನು 8ಕೆಗೆ ಹಿಗ್ಗಿಸಿದರೂ 16ಕ್ಕೆ 15 ಊಹೆಯೇ. ಒಳ್ಳೆಯ ಪ್ರೊಸೆಸರ್ ಈ ಊಹೆಯನ್ನು ಅಂದವಾಗಿ ಮಾಡುತ್ತದೆ, ಅಂಚು ಹದವಾಗಿ ತೀಡುತ್ತದೆ. ಆದರೆ ಕ್ಯಾಮೆರಾ ಹಿಡಿಯದ ವಿವರವನ್ನು ಅದು ತಂದುಕೊಡಲಾರದು. ದಿನದ ಹೆಚ್ಚು ಹೊತ್ತು ಎಸ್‌ಡಿ ಚಾನೆಲ್ ನೋಡುವ ಮನೆಗೆ ತೀರಾ ದೊಡ್ಡ ಪರದೆ ತಂದರೆ ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕಾಣುವುದೂ ಇದೇ ಕಾರಣಕ್ಕೆ.

ಸ್ಟ್ರೀಮಿಂಗ್‌ನಲ್ಲಿ ರೆಸಲ್ಯೂಷನ್‌ಗಿಂತ ಬಿಟ್‌ರೇಟ್ (ಸೆಕೆಂಡಿಗೆ ಹರಿದುಬರುವ ಡೇಟಾ) ಮುಖ್ಯ. 4ಕೆ ಸಿನಿಮಾವನ್ನು ಸೆಕೆಂಡಿಗೆ 24 ಫ್ರೇಮ್, 10 ಬಿಟ್ ಬಣ್ಣದಲ್ಲಿ ಒತ್ತದೆ (ಕಂಪ್ರೆಸ್ ಮಾಡದೆ) ಕಳಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಆಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಅದು 15 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಆಸುಪಾಸಿಗೆ ಇಳಿಯುತ್ತದೆ. ಎಂದರೆ 200 ಪಾಲಿನಲ್ಲಿ 1 ಪಾಲು. ಹೊಗೆ, ಮಳೆ, ಕತ್ತಲ ದೃಶ್ಯ ಬಂದಾಗ ಚೌಕ ಚೌಕವಾಗಿ ಕಾಣುವುದು ಪಿಕ್ಸೆಲ್ ಕೊರತೆಯಿಂದಲ್ಲ, ಈ ಒತ್ತುವಿಕೆಯಿಂದ. ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕ್ 100 ಜಿಬಿವರೆಗೆ ಹಿಡಿಯುತ್ತದೆ, 100 ಎಂಬಿಪಿಎಸ್‌ಗಿಂತ ಹೆಚ್ಚಿನ ವೇಗದಲ್ಲೂ ಓಡಬಲ್ಲದು. ಅದೇ ಸಿನಿಮಾ ಡಿಸ್ಕಿನಲ್ಲಿ ನಿಚ್ಚಳವಾಗಿ ಕಾಣುವುದಕ್ಕೆ ಕಾರಣ ಇಷ್ಟೇ. ಎಷ್ಟೋ ಸಲ ಒಳ್ಳೆಯ ಫುಲ್ ಎಚ್‌ಡಿ ಬ್ಲೂ-ರೇ, ಸೊರಗಿದ 4ಕೆ ಸ್ಟ್ರೀಮ್‌ಗಿಂತ ಮೇಲು.

15 ಎಂಬಿಪಿಎಸ್ ಎಂದರೆ ಗಂಟೆಗೆ 6.75 ಜಿಬಿ ಡೇಟಾ. 5 ಎಂಬಿಪಿಎಸ್‌ನ ಫುಲ್ ಎಚ್‌ಡಿಗೆ 2.25 ಜಿಬಿ. ಡೇಟಾ ಮಿತಿ ಇರುವವರು ಇದನ್ನೂ ತೂಗಿನೋಡಬೇಕು.

ಇನ್ನು 4ಕೆ ಎಂಬ ಗುರುತಿರುವ ಸಿನಿಮಾಗಳೆಲ್ಲ 4ಕೆಯಲ್ಲಿ ಹುಟ್ಟಿದವಲ್ಲ. 2000 ಮತ್ತು 2010ರ ದಶಕಗಳ ಬಹಳಷ್ಟು ಚಿತ್ರಗಳ ಸಂಕಲನ, ಗ್ರಾಫಿಕ್ಸ್, ಬಣ್ಣದ ಕೆಲಸ 2ಕೆಯಲ್ಲಿ ಮುಗಿದಿವೆ, ಎಂದರೆ 2048 ಪಿಕ್ಸೆಲ್ ಅಗಲದಲ್ಲಿ. ಅವನ್ನು ಆಮೇಲೆ ಹಿಗ್ಗಿಸಿ 4ಕೆ ಮಾಡಿದ್ದಾರೆ. ಫಿಲ್ಮಿನಲ್ಲಿ ತೆಗೆದು ಈಗ ಹೊಸದಾಗಿ 4ಕೆ ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಲ್ಲಿ ಅದಕ್ಕಿಂತ ಹೆಚ್ಚು ವಿವರ ಸಿಗುವುದುಂಟು.

8ಕೆಗೆ ಬಂದರೆ ಪಟ್ಟಿ ಬಲು ಚಿಕ್ಕದು. ಎನ್‌ಎಚ್‌ಕೆ 2018ರ ಡಿಸೆಂಬರ್ 1ರಂದು ಉಪಗ್ರಹದ ಮೂಲಕ 8ಕೆ ಚಾನೆಲ್ ಶುರು ಮಾಡಿತು, ಅದು ಜಪಾನಿಗೆ. ಯೂಟ್ಯೂಬ್‌ನಲ್ಲಿ 8ಕೆ ವಿಡಿಯೊಗಳಿವೆ. ಸಿನಿಮಾ ಡಿಸ್ಕಿನ ಅತ್ಯುನ್ನತ ಮಾದರಿಯಾದ ಅಲ್ಟ್ರಾ ಎಚ್‌ಡಿ ಬ್ಲೂ-ರೇ 4ಕೆಗೇ ನಿಲ್ಲುತ್ತದೆ.

ಹಂತ 5: ಉಳಿದ ಹಣ ಎಲ್ಲಿ ಹಾಕಬೇಕು

"ಹಾಗಾದರೆ ಅಂಗಡಿಯಲ್ಲಿ 4ಕೆ ಅಷ್ಟು ಚೆನ್ನಾಗಿ ಕಂಡದ್ದು ಹೇಗೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಅಲ್ಲಿ ನೀವು ನಿಂತದ್ದು ಒಂದು ಮೀಟರ್ ದೂರದಲ್ಲಿ. ಓಡುತ್ತಿದ್ದದ್ದು ಅದಕ್ಕೆಂದೇ ತೆಗೆದ, ಕ್ಯಾಮೆರಾ ನಿಧಾನ ಚಲಿಸುವ ಡೆಮೊ ವಿಡಿಯೊ. ಹೊಳಪು ಗರಿಷ್ಠ. ಜೊತೆಗೆ 4ಕೆಯೊಂದಿಗೆ ಎಚ್‌ಡಿಆರ್ ಬಂದಿರುತ್ತದೆ, ಕಣ್ಣು ಮೆಚ್ಚಿದ್ದು ಹೆಚ್ಚಾಗಿ ಅದನ್ನೇ.

ಎಚ್‌ಡಿಆರ್ ಎಂದರೆ ಹೆಚ್ಚು ಹೊಳಪಿನ ವ್ಯಾಪ್ತಿ, ಹೆಚ್ಚು ಬಣ್ಣ, ಮತ್ತು ಒಂದೊಂದು ಬಣ್ಣಕ್ಕೆ 256ರ ಬದಲು 1024 ಹಂತ. ಇದರ ಲಾಭ ಮೂರು ಮೀಟರ್ ದೂರದಿಂದಲೂ ಕಾಣುತ್ತದೆ, ಕನ್ನಡಕ ಮರೆತವರಿಗೂ ಕಾಣುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದಿದ್ದರೆ ಸಾಲದು. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಹೊಳಪಿನ ಅಳತೆ) ಅಥವಾ ಅದಕ್ಕೂ ಹೆಚ್ಚಿನ ಹೊಳಪಿಗೆ ಹೊಂದಿಸಿರುತ್ತಾರೆ. 300 ನಿಟ್ಸ್ ಕೊಡುವ, ಲೋಕಲ್ ಡಿಮ್ಮಿಂಗ್ (ಹಿಂದಿನ ಬೆಳಕನ್ನು ಬೇಕಾದ ಕಡೆ ಮಾತ್ರ ತಗ್ಗಿಸುವ ವ್ಯವಸ್ಥೆ) ಇಲ್ಲದ ಟಿವಿ ಆ ಸಂಕೇತವನ್ನು ಓದುತ್ತದೆ, ತೋರಿಸಲಾರದು. ಚಿತ್ರ ಮಂಕಾಗುವುದೂ ಉಂಟು.

ಆದ್ದರಿಂದ ಮೊದಲು ಕಪ್ಪು ನೋಡಿ. ಅಂಗಡಿಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಸಾಗುವ ದೃಶ್ಯ ಹಾಕಿಸಿ, ಸುತ್ತಲಿನ ಕಪ್ಪು ಕಪ್ಪಾಗೇ ಉಳಿಯುತ್ತದೋ ಬೂದಾಗುತ್ತದೋ ಗಮನಿಸಿ. ಎಲ್‌ಸಿಡಿ ಪರದೆಯ ಎರಡು ಬಗೆಗಳಲ್ಲಿ ಐಪಿಎಸ್ ಪ್ಯಾನೆಲ್‌ಗಳ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅಂತರ) ಸುಮಾರು 1000ಕ್ಕೆ 1, ವಿಎ ಪ್ಯಾನೆಲ್‌ಗಳದ್ದು 3000ಕ್ಕೆ 1 ಮತ್ತು ಮೇಲೆ. ಓಎಲ್‌ಇಡಿಯಲ್ಲಿ ಪಿಕ್ಸೆಲ್ ತಾನೇ ಆರುವುದರಿಂದ ಕಪ್ಪು ನಿಜವಾದ ಕಪ್ಪು. ಬದಿಯಿಂದ ನೋಡುವವರಿದ್ದರೆ ವಿಎ ಮಂಕಾಗುತ್ತದೆ, ಅಲ್ಲಿ ಐಪಿಎಸ್ ಅಥವಾ ಓಎಲ್‌ಇಡಿ ಸರಿ.

ಎರಡನೆಯದು ಚಲನೆ. ಒಂದು ಕಾರು ಪರದೆಯ ಒಂದು ತುದಿಯಿಂದ ಇನ್ನೊಂದಕ್ಕೆ 4 ಸೆಕೆಂಡಿನಲ್ಲಿ ಹಾದುಹೋಯಿತೆನ್ನಿ. 4ಕೆ ಪರದೆಯಲ್ಲಿ ಅದು ಸೆಕೆಂಡಿಗೆ 960 ಪಿಕ್ಸೆಲ್ ಸಾಗುತ್ತದೆ. 60 ಹರ್ಟ್ಸ್‌ನಲ್ಲಿ ಒಂದೊಂದು ಫ್ರೇಮ್‌ಗೂ 16 ಪಿಕ್ಸೆಲ್. ಕಣ್ಣು ಕಾರನ್ನು ಹಿಂಬಾಲಿಸುತ್ತ ಸರಿಯುತ್ತಿರುತ್ತದೆ, ಪರದೆ ಮಾತ್ರ ಆ ಫ್ರೇಮನ್ನು ಅಲ್ಲೇ ಹಿಡಿದು ನಿಲ್ಲಿಸಿರುತ್ತದೆ. ಹಾಗಾಗಿ ಕಾರಿನ ಮೇಲಿನ ಅಕ್ಷರ 16 ಪಿಕ್ಸೆಲ್ ಅಗಲಕ್ಕೆ ತೇಯ್ದುಹೋಗುತ್ತದೆ. ಅಂಥ ಹೊತ್ತಿನಲ್ಲಿ ಒಂದು ಪಿಕ್ಸೆಲ್‌ನ ಸೂಕ್ಷ್ಮತೆಗೆ ಬೆಲೆಯೇನು? 8ಕೆಯಲ್ಲಿ ತೇಯ್ಗೆ 32 ಪಿಕ್ಸೆಲ್. ಸೆಕೆಂಡಿಗೆ 120 ಫ್ರೇಮ್ ಬಂದರೆ ಈ ತೇಯ್ಗೆ ಅರ್ಧಕ್ಕೆ ಇಳಿಯುತ್ತದೆ. ಆಟೋಟ ನೋಡುವವರು, ಗೇಮ್ ಆಡುವವರು 8ಕೆ ಬಿಟ್ಟು 120 ಹರ್ಟ್ಸ್ ಪ್ಯಾನೆಲ್ ಹುಡುಕಬೇಕು.

ನಮ್ಮ ತೀರ್ಪು: ಅದೇ ದುಡ್ಡಿಗೆ 8ಕೆ ಮತ್ತು ಒಳ್ಳೆಯ ಕಾಂಟ್ರಾಸ್ಟಿನ ದೊಡ್ಡ 4ಕೆ ಎರಡೂ ಸಿಗುವುದಾದರೆ, ಯೋಚಿಸದೆ ಎರಡನೆಯದನ್ನೇ ತನ್ನಿ. 8ಕೆಯ ಇನ್ನೊಂದು ಹೊರೆ ವಿದ್ಯುತ್ತು. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್ ಚಿಕ್ಕದಾದಷ್ಟೂ ಬೆಳಕು ಹಾಯುವ ಕಿಂಡಿಯ ಪಾಲು ಕಡಿಮೆಯಾಗುತ್ತದೆ, ಹಿಂದಿನ ಬೆಳಕನ್ನು ಹೆಚ್ಚಿಸಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟ 2023ರ ಮಾರ್ಚ್ 1ರಿಂದ ವಿದ್ಯುತ್ ಬಳಕೆಯ ಮಿತಿಯನ್ನು 8ಕೆ ಟಿವಿಗಳಿಗೂ ಅನ್ವಯಿಸಿದಾಗ ತಯಾರಕರಿಗೆ ಕಷ್ಟವಾದದ್ದು ಇದರಿಂದಲೇ.

ಕೊಳ್ಳುವಾಗ "4ಕೆ ಸಪೋರ್ಟ್" ಎಂಬ ಮಾತನ್ನು ಕಂಡರೆ ನಿಂತು ವಿಚಾರಿಸಿ. ಒಳಗೆ 4ಕೆ ಸಂಕೇತ ಸ್ವೀಕರಿಸುತ್ತದೆ ಎಂದಷ್ಟೇ ಅದರ ಅರ್ಥವಿರಬಹುದು. ಪ್ರೊಜೆಕ್ಟರ್‌ಗಳಲ್ಲಂತೂ ಇದು ಸರ್ವೇಸಾಮಾನ್ಯ. ವಿವರಪಟ್ಟಿಯಲ್ಲಿ 'ನೇಟಿವ್ ರೆಸಲ್ಯೂಷನ್' ಎದುರು 3840×2160 ಎಂದೇ ಬರೆದಿರಬೇಕು.

ಹಂತ 6: ದಾರಿಯನ್ನು ಪರೀಕ್ಷಿಸಿ

ಮೂಲದಿಂದ ಪರದೆಯವರೆಗಿನ ಒಂದೊಂದು ಕೊಂಡಿಯೂ 4ಕೆ ಹೊರಬಲ್ಲದಾಗಿರಬೇಕು. ನಡುವೆ ಒಂದು ಹಳೆಯದಿದ್ದರೂ ಎಲ್ಲವೂ ಅದರ ಮಟ್ಟಕ್ಕೆ ಇಳಿಯುತ್ತದೆ.

- ಎಚ್‌ಡಿಎಂಐ 1.4: 4ಕೆ, 30 ಹರ್ಟ್ಸ್‌ವರೆಗೆ.
- ಎಚ್‌ಡಿಎಂಐ 2.0: 18 ಗಿಗಾಬಿಟ್, 4ಕೆ 60 ಹರ್ಟ್ಸ್. ಕೇಬಲ್ ಮೇಲೆ 'ಪ್ರೀಮಿಯಂ ಹೈ ಸ್ಪೀಡ್'.
- ಎಚ್‌ಡಿಎಂಐ 2.1: 48 ಗಿಗಾಬಿಟ್‌ವರೆಗೆ, 4ಕೆ 120 ಅಥವಾ 8ಕೆ 60 ಹರ್ಟ್ಸ್. ಕೇಬಲ್ ಮೇಲೆ 'ಅಲ್ಟ್ರಾ ಹೈ ಸ್ಪೀಡ್'.

48 ಗಿಗಾಬಿಟ್‌ಗೆ ಸಾಧಾರಣ ತಾಮ್ರದ ಕೇಬಲ್ 3 ಮೀಟರ್ ದಾಟಿದರೆ ಎಚ್ಚರ. ಉದ್ದಕ್ಕೆ ಬೇಕಾದರೆ ಆಪ್ಟಿಕಲ್ (ಬೆಳಕಿನ ಎಳೆಯ) ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕುಂಟು, ಟಿವಿಯ ತುದಿಯನ್ನು ಟಿವಿಗೇ ಹಾಕಬೇಕು. ಟಿವಿಯ ಎಲ್ಲ ಪೋರ್ಟ್‌ಗಳೂ ಒಂದೇ ವೇಗದವಲ್ಲ, ಪಕ್ಕದಲ್ಲಿ '4ಕೆ 120' ಎಂದು ಬರೆದಿರುವುದನ್ನು ಹುಡುಕಿ. ಹಳೆಯ ರಿಸೀವರ್ ಅಥವಾ ಸೌಂಡ್‌ಬಾರ್ ನಡುವೆ ಇದ್ದರೆ ಮೂಲವನ್ನು ನೇರ ಟಿವಿಗೆ ಜೋಡಿಸಿ, ಶಬ್ದವನ್ನು ಟಿವಿಯ ಎಆರ್‌ಸಿ (ಶಬ್ದ ಹೊರಗೆ ಕಳಿಸುವ ಎಚ್‌ಡಿಎಂಐ) ಪೋರ್ಟಿನಿಂದ ಅದಕ್ಕೆ ವಾಪಸ್ ತನ್ನಿ.

ಆಂಡ್ರಾಯ್ಡ್ ಬಾಕ್ಸ್ ಕೊಳ್ಳುವವರು ವೈಡ್‌ವೈನ್ (ನಕಲು ತಡೆಯುವ ರಕ್ಷಣೆ) ಎಲ್1 ಮಟ್ಟದ್ದು ಇದೆಯೇ ಎಂದು ನೋಡಲೇಬೇಕು. ಬರೀ ಎಲ್3 ಇರುವ ಬಾಕ್ಸ್‌ನಲ್ಲಿ ಹಣ ಕಟ್ಟಿದ ಸ್ಟ್ರೀಮಿಂಗ್ ಸೇವೆಗಳು ಸಾಮಾನ್ಯವಾಗಿ ಎಸ್‌ಡಿ ಮಟ್ಟಕ್ಕೆ ಇಳಿಯುತ್ತವೆ, ಬಾಕ್ಸ್ ಮೇಲೆ 4ಕೆ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ. 4ಕೆ ಮೂಲಗಳಿಗೆ ಎಚ್‌ಡಿಎಂಐ ದಾರಿಯ ನಕಲು-ತಡೆ ವ್ಯವಸ್ಥೆಯಾದ ಎಚ್‌ಡಿಸಿಪಿ 2.2 ಕೂಡ ಬೇಕು. ಲ್ಯಾನ್ ಪೋರ್ಟ್ ಹೆಚ್ಚಿನ ಟಿವಿಗಳಲ್ಲಿ 100 ಎಂಬಿಪಿಎಸ್‌ನದ್ದು. ಸ್ಟ್ರೀಮಿಂಗ್‌ಗೆ ಅದು ಧಾರಾಳ, ಆದರೆ ಡಿಸ್ಕಿನಷ್ಟೇ ದೊಡ್ಡ ಫೈಲನ್ನು ಮನೆಯ ಸರ್ವರ್‌ನಿಂದ ಓಡಿಸುವಾಗ ತಡವರಿಸುತ್ತದೆ. ಅಲ್ಲಿ 5 ಗಿಗಾಹರ್ಟ್ಸ್ ವೈಫೈ ವಾಸಿ.

ಹಂತ 7: ಟಿವಿಯೊಳಗಿನ ಸೆಟ್ಟಿಂಗ್ಸ್, ಇದೇ ಕ್ರಮದಲ್ಲಿ

ಮೊದಲು ಓವರ್‌ಸ್ಕ್ಯಾನ್. ಚಿತ್ರದ ಅಂಚುಗಳನ್ನು ಕೆಲವು ಶೇಕಡ ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸುವ ಈ ಹಳೆಯ ಚಾಳಿ ಇನ್ನೂ ಅನೇಕ ಟಿವಿಗಳಲ್ಲಿದೆ. ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಎಂಬ ಹೊಂದಾಣಿಕೆ ಇಲ್ಲಿ ಮುರಿಯುತ್ತದೆ. 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್', 'ಫುಲ್ ಪಿಕ್ಸೆಲ್', '1:1' ಇವುಗಳಲ್ಲಿ ನಿಮ್ಮ ಟಿವಿಯಲ್ಲಿರುವುದನ್ನು ಆರಿಸಿ.

ಆಮೇಲೆ ಬಳಸುವ ಎಚ್‌ಡಿಎಂಐ ಪೋರ್ಟಿನ ಪೂರ್ಣ ವೇಗ ಆನ್ ಮಾಡಿ. ಹೆಸರು ಟಿವಿಯಿಂದ ಟಿವಿಗೆ ಬೇರೆ: 'ಇನ್‌ಪುಟ್ ಸಿಗ್ನಲ್ ಪ್ಲಸ್', 'ಡೀಪ್ ಕಲರ್', 'ಎನ್‌ಹಾನ್ಸ್‌ಡ್ ಫಾರ್ಮ್ಯಾಟ್'. ಇದು ಆಫ್ ಇದ್ದರೆ 4ಕೆ ಬಂದರೂ ಎಚ್‌ಡಿಆರ್ ಬರುವುದಿಲ್ಲ, ಇಲ್ಲವೇ 30 ಹರ್ಟ್ಸ್‌ಗೆ ಇಳಿಯುತ್ತದೆ.

ಮೂರನೆಯದು ಪಿಕ್ಚರ್ ಮೋಡ್. 'ವಿವಿಡ್' ಬಿಟ್ಟು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್'ಗೆ ಬನ್ನಿ. ಮೊದಲೆರಡು ದಿನ ಹಳದಿಯಾಗಿ ಕಾಣುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ.

ಕೊನೆಗೆ ಶಾರ್ಪ್‌ನೆಸ್. ಜಾಸ್ತಿ ಮಾಡಿದರೆ ವಿವರ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಂಚಿನ ಸುತ್ತ ಬಿಳಿ ಗೆರೆ ಎಳೆದು ಅದು ನಿಜವಾದ ವಿವರವನ್ನು ಮುಚ್ಚುತ್ತದೆ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ತೆರೆದು, ಅಕ್ಷರದ ಸುತ್ತಲಿನ ಹೊಳೆಯುವ ಅಂಚು ಮಾಯವಾಗುವವರೆಗೆ ಇಳಿಸಿ. ಕೆಲವು ಟಿವಿಗಳಲ್ಲಿ ಆ ಜಾಗ 0, ಕೆಲವಲ್ಲಿ 50. ಒಳ್ಳೆಯ 4ಕೆ ಮೂಲಗಳಿಗೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಅಳಿಸುವ ಸೆಟ್ಟಿಂಗ್) ಆಫ್. ಎಸ್‌ಡಿ ಚಾನೆಲ್‌ಗೆ ಮಾತ್ರ 'ಲೋ' ಇಡಬಹುದು.

8ಕೆ ನಿಜವಾಗಿ ಯಾರಿಗೆ

ಭಾಗಾಕಾರ 2ಕ್ಕಿಂತ ಕೆಳಗೆ ಬರುವವರಿಗೆ. 85 ಇಂಚಿನ ಪರದೆಯನ್ನು 170 ಸೆಂ.ಮೀ.ಗಿಂತ ಹತ್ತಿರದಿಂದ ನೋಡುವವರು, ದೊಡ್ಡ ರೆಸಲ್ಯೂಷನ್ ಫೋಟೊಗಳನ್ನು ಪರದೆಯ ಎದುರೇ ನಿಂತು ಪರಿಶೀಲಿಸುವವರು, 8ಕೆ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಅದನ್ನೇ ಸಂಕಲಿಸುವವರು. ಇವರಿಗೆ ಅದು ಕೆಲಸದ ಉಪಕರಣ. 8ಕೆಯಲ್ಲಿ ಚಿತ್ರೀಕರಿಸುವುದಕ್ಕೂ ಬೆಲೆಯಿದೆ: ಫ್ರೇಮ್ ಕತ್ತರಿಸಿಕೊಳ್ಳಲು ಜಾಗ ಸಿಗುತ್ತದೆ, 4ಕೆಗೆ ಇಳಿಸಿದಾಗ ಚಿತ್ರ ಇನ್ನಷ್ಟು ಶುದ್ಧವಾಗುತ್ತದೆ. ಆ ಲಾಭ ನಿಮ್ಮ 4ಕೆ ಟಿವಿಗೂ ಬಂದು ತಲುಪುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಚಿತ್ರದಲ್ಲಿ ಬಿಳಿ ಚುಕ್ಕೆಗಳು ಮಿನುಗಿದರೆ, ಅಥವಾ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ ವಾಪಸ್ ಬಂದರೆ, ಕೇಬಲ್ ವೇಗ ತಡೆಯುತ್ತಿಲ್ಲ. ಬದಲಿಸಿ.

ಸಿನಿಮಾ ಶುರುವಾದ ಮೊದಲ ಅರ್ಧ ನಿಮಿಷ ಮಸುಕಾಗಿದ್ದು ಆಮೇಲೆ ತಿಳಿಯಾದರೆ ಅದು ಸ್ಟ್ರೀಮಿಂಗ್‌ನ ಸಹಜ ನಡೆ. ಇಡೀ ಸಿನಿಮಾ ಮಸುಕಾಗೇ ಉಳಿದರೆ ಕ್ರಮವಾಗಿ ನೋಡಿ: ನಿಮ್ಮ ಪ್ಲಾನ್‌ನಲ್ಲಿ 4ಕೆ ಇದೆಯೇ, ಆ್ಯಪ್‌ನ ಗುಣಮಟ್ಟ 'ಡೇಟಾ ಸೇವರ್'ನಲ್ಲಿದೆಯೇ, ಟಿವಿ 2.4 ಗಿಗಾಹರ್ಟ್ಸ್ ವೈಫೈ ಹಿಡಿದಿದೆಯೇ.

ಮುಖಗಳು ಮೇಣದ ಬೊಂಬೆಯಂತೆ ನುಣ್ಣಗಿದ್ದರೆ ನಾಯ್ಸ್ ರಿಡಕ್ಷನ್ ಹೆಚ್ಚಾಗಿದೆ. ಕೂದಲಿನ ಸುತ್ತ ಬಿಳಿ ಅಂಚಿದ್ದರೆ ಶಾರ್ಪ್‌ನೆಸ್ ಹೆಚ್ಚಾಗಿದೆ. ಲ್ಯಾಪ್‌ಟಾಪ್‌ನ ಕೆಂಪು ಅಕ್ಷರ ಮಾತ್ರ ಹರಡಿಕೊಂಡರೆ ಬಣ್ಣದ ವಿವರ ಅರ್ಧಕ್ಕೆ ಇಳಿದಿದೆ. ಟಿವಿಯ ಆ ಇನ್‌ಪುಟ್‌ಗೆ 'ಪಿಸಿ' ಎಂಬ ಹೆಸರು ಕೊಟ್ಟರೆ ಅನೇಕ ಟಿವಿಗಳಲ್ಲಿ ಸರಿಹೋಗುತ್ತದೆ.

ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಓವರ್‌ಸ್ಕ್ಯಾನ್ ಮತ್ತು ಪಿಕ್ಚರ್ ಮೋಡ್ ಹಳೆಯ ಸ್ಥಿತಿಗೆ ಮರಳುವುದುಂಟು. ಗೆರೆ ಚಿತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ಅಳಿಸದೆ ಇಟ್ಟುಕೊಂಡು, ಪ್ರತಿ ಅಪ್‌ಡೇಟ್ ನಂತರ ಒಮ್ಮೆ ತೆರೆದು, ಒಂದು ಗೇಣು ದೂರದಿಂದ ಎಡಭಾಗದ ಗೆರೆಗಳು ಬಿಡಿಬಿಡಿಯಾಗಿವೆಯೇ ಎಂದು ನೋಡಿ.